ರೇಡಿಯೋ ಮೇಷ್ಟ್ರ ಭಿನ್ನರಾಶಿ

ಗಣಿತದ ಮೇಷ್ಟ್ರಿಗೆ ಮಕ್ಕಳು ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ಅದು ಮೇಷ್ಟ್ರ ಕಿವಿಗೂ ಬಿದ್ದಿತ್ತು. ತಮ್ಮ ಕಂಚಿನ ಕಂಠಕ್ಕೆ ಸಂದ ಬಿರುದು ಎಂದುಕೊಂಡು ಅವರು ಒಳಗೊಳಗೇ ಬೀಗಿದ್ದರು. ಹಚ್ಚಿದರೆ ಮಾತಾಡುತ್ತಲೇ ಇರುತ್ತದೆ, ನಾವು ಆಡಿದ್ದು ಅದಕ್ಕೆ ಕೇಳಿಸುವುದಿಲ್ಲ ಎಂಬ ಅರ್ಥದಲ್ಲಿ ಆ ಹೆಸರು ಹುಟ್ಟಿತ್ತು ಎಂದು ಅವರಿಗೆ ತಿಳಿಸುವಷ್ಟು ಎದೆಗಾರಿಕೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಯಾರಿಗೂ ಬಂದಿರಲಿಲ್ಲ.

ಪಾಠವೇನೋ ನೋಡುವಂಥದ್ದೇ. ಹಲಗೆಯ ಮೇಲೆ ಅವರು ಬರೆದ ಅಂಕಿಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು. ಕೋನಮಾಪಕವಿಲ್ಲದೆ ಕೋನ, ಕೈವಾರವಿಲ್ಲದೆ ವೃತ್ತ. ಮಾತಿನ ನಡುವೆ ಮೂರು ಜೋಕುಗಳು, ಪ್ರತಿವರ್ಷ ಅದೇ ಮೂರು, ಅದೇ ಪುಟದಲ್ಲಿ. ಮುಂದಿನ ಬೆಂಚಿನವರು ಜೋಕು ಬರುವುದಕ್ಕಿಂತ ಅರೆಕ್ಷಣ ಮೊದಲೇ ನಗುತ್ತಿದ್ದರು; ಅಣ್ಣಂದಿರು, ಅಕ್ಕಂದಿರು ಮನೆಯಲ್ಲಿ ಹೇಳಿಕೊಟ್ಟಿರುತ್ತಿದ್ದರು. ಪಾಠ ಮುಗಿಸಿ, ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಕೊಡವಿ, ಮೇಷ್ಟ್ರು “ಅರ್ಥ ಆಯ್ತಾ?” ಎಂದು ಕೇಳುತ್ತಿದ್ದರು. ನಲವತ್ಮೂರು ಬಾಯಿಗಳು ಒಂದೇ ಉಸಿರಿಗೆ “ಆಯ್ತು ಸಾರ್!” ಎನ್ನುತ್ತಿದ್ದವು. ಇಷ್ಟು ಒಗ್ಗಟ್ಟು ಜಗತ್ತಿನ ಯಾವ ಸಭೆಯಲ್ಲೂ ಸಿಗದು. ಅದರ ಬಗ್ಗೆ ಮೇಷ್ಟ್ರಿಗೆ ಎಂದೂ ಅನುಮಾನ ಬರಲಿಲ್ಲ.

ಆ ವರ್ಷ ಇಲಾಖೆಗೆ ಜ್ಞಾನೋದಯವಾಯಿತು. ‘ವಿದ್ಯಾರ್ಥಿಯ ಕಲಿಕೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಣಾಮಕಾರಿ ಬೋಧನಾ ಕೌಶಲ್ಯಗಳ ಅಭಿವೃದ್ಧಿ’ ಎಂಬ, ಒಂದೇ ಉಸಿರಿಗೆ ಓದಲಾಗದ ಹೆಸರಿನ ಮೂರು ದಿನದ ತರಬೇತಿಗೆ ಎಂಬತ್ತು ಜನ ಶಿಕ್ಷಕರನ್ನು ಒಂದು ಉದ್ದನೆಯ ಹಾಲಿಗೆ ತುಂಬಲಾಯಿತು. ತರಬೇತುದಾರರು ಇಸ್ತ್ರಿ ಮಡಿಕೆ ಮುರಿಯದ ಅಂಗಿ ತೊಟ್ಟ ಗಂಭೀರ ವ್ಯಕ್ತಿ. ಅವರ ಬಳಿ ಇನ್ನೂರ ಹದಿನಾಲ್ಕು ಸ್ಲೈಡುಗಳಿದ್ದವು. ಮೊದಲನೆಯದರಲ್ಲಿ ‘ಉಪನ್ಯಾಸ ಬೇಡ!’ ಎಂದು ದಪ್ಪಕ್ಷರದಲ್ಲಿತ್ತು. ಉಪನ್ಯಾಸ ಏಕೆ ಬೇಡ ಎಂಬುದರ ಮೇಲೆ ಅವರು ಮೂರು ದಿನ ಉಪನ್ಯಾಸ ಕೊಟ್ಟರು. ‘ಮಕ್ಕಳಿಗೆ ಪ್ರಶ್ನೆ ಕೇಳಲು ಅವಕಾಶ ಕೊಡಿ’ ಎಂಬ ಎಪ್ಪತ್ತನೇ ಸ್ಲೈಡಿನ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ವಿಜ್ಞಾನದ ಮೇಡಂ ಕೈ ಎತ್ತಿದರು.

“ಪ್ರಶ್ನೆಗಳನ್ನ ಕೊನೆಗೆ ತಗೊಳ್ಳೋಣ,” ಎಂದರು ತರಬೇತುದಾರರು.

ಕೊನೆ ಬಂದಾಗ ಫೋಟೋ ತೆಗೆಸಿಕೊಳ್ಳುವ ಹೊತ್ತಾಗಿತ್ತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ವಿಜ್ಞಾನದ ಮೇಡಂ ಪಕ್ಕದವರಿಗೆ ಪಿಸುಗುಟ್ಟಿದ್ದು ತರಬೇತುದಾರರಿಗೆ ಕೇಳಿಸಲಿಲ್ಲ. ನಮ್ಮ ಮೇಷ್ಟ್ರಿಗಂತೂ ಅವರ ಮೇಲೆ ಗೌರವ ಹುಟ್ಟಿತ್ತು. ‘ಎಂಥ ಕಂಠ! ಎಲ್ಲೂ ತಡವರಿಸಲಿಲ್ಲ!’ ಎಂದುಕೊಂಡು, ಎರಡನೇ ದಿನದ ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಿ, ಮೂರನೇ ದಿನ ಪ್ರಮಾಣಪತ್ರ ಪಡೆದು ಮನೆಗೆ ಬಂದರು. ಅವರು ಈಗ ಅಧಿಕೃತವಾಗಿ ಪರಿಣಾಮಕಾರಿ ಶಿಕ್ಷಕರು.

ಹದಿನೈದು ದಿನ ಕಳೆದಿರಲಿಲ್ಲ. ಎಲ್ಲ ಶಾಲೆಗಳ ಏಳನೇ ತರಗತಿಗೂ ಹೊರಗಿನಿಂದ ಒಂದು ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ನೋಡಿ ಮೇಷ್ಟ್ರು ನಕ್ಕರು. ‘ಮೂರರಲ್ಲಿ ಒಂದು ಭಾಗ, ನಾಲ್ಕರಲ್ಲಿ ಒಂದು ಭಾಗ: ಇವುಗಳಲ್ಲಿ ಯಾವುದು ದೊಡ್ಡದು? ಏಕೆ?’ ಭಿನ್ನರಾಶಿಯನ್ನು ಅವರು ಒಂಬತ್ತು ದಿನ ಪಾಠ ಮಾಡಿದ್ದರು. ಎರಡನೇ ಜೋಕು ಇರುವುದೇ ಆ ಅಧ್ಯಾಯದಲ್ಲಿ.

ಫಲಿತಾಂಶ ಬಂದ ದಿನ ಹೆಡ್ ಮೇಡಂ ಅವರನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು. ನಲವತ್ಮೂರರಲ್ಲಿ ಮೂವತ್ತೊಂದು ಮಕ್ಕಳು ನಾಲ್ಕರಲ್ಲಿ ಒಂದು ದೊಡ್ಡದು ಎಂದು ಬರೆದಿದ್ದರು. ಏಕೆ? ‘ಏಕೆಂದರೆ ಮೂರಕ್ಕಿಂತ ನಾಲ್ಕು ದೊಡ್ಡದು.’ ಒಬ್ಬ ಮಾತ್ರ ಬೇರೆ ಕಾರಣ ಕೊಟ್ಟಿದ್ದ: ‘ಏಕೆಂದರೆ ಸಾರ್ ಹೇಳಿದ್ದಾರೆ.’

“ನಾನು ಹಾಗೆ ಯಾವತ್ತೂ ಹೇಳಿಲ್ಲ ಮೇಡಂ!” ಮೇಷ್ಟ್ರ ಕಂಚಿನ ಕಂಠ ಮೊದಲ ಸಲ ಬಿರುಕು ಬಿಟ್ಟಿತು.

“ನೀವು ಏನು ಹೇಳಿದ್ರಿ ಅಂತ ನಾನು ಕೇಳ್ತಿಲ್ಲ. ಅವರಿಗೆ ಏನು ಬಂತು ಅಂತ ಕೇಳ್ತಿದೀನಿ.”

“ಕಲಿಸಿದೀನಿ ಮೇಡಂ. ಒಂಬತ್ತು ದಿನ ಕಲಿಸಿದೀನಿ. ಅವರು ಕಲೀಲಿಲ್ಲ ಅಂದ್ರೆ ನಾನೇನು ಮಾಡ್ಲಿ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಕಿನ್ನರಿಯ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. ಇಲಾಖೆಗೆ ಏನು ಉತ್ತರ ಕೊಡುವುದು ಎಂಬ ಯೋಚನೆ ಇತ್ತು. “ತರಬೇತಿಗೆ ಹೋಗಿದ್ರಲ್ಲ, ಅಲ್ಲಿ ಹೇಳಿಕೊಟ್ಟಿದ್ದನ್ನ ಮಾಡಿ. ಗುಂಪು ಮಾಡಿ, ಚಾರ್ಟ್ ಕೊಡಿ, ಸ್ಕೆಚ್ ಪೆನ್ ಕೊಡಿ. ನಾನು ಬಂದು ಫೋಟೋ ತೆಗೀತೀನಿ,” ಎಂದರು.

ಆಜ್ಞೆ ಶಿರಸಾವಹಿಸಿ ಮೇಷ್ಟ್ರು ಮಾರನೆಯ ದಿನ ಮಕ್ಕಳನ್ನು ಏಳು ಗುಂಪು ಮಾಡಿದರು. ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ಹಸಿರು ಸ್ಕೆಚ್ ಪೆನ್ ಯಾರಿಗೆ ಎಂಬ ಜಗಳದಲ್ಲಿ ಕಳೆಯಿತು. ಉಳಿದ ಹತ್ತು ನಿಮಿಷದಲ್ಲಿ ಏಳು ಚಾರ್ಟುಗಳು ಸಿದ್ಧವಾದವು. ಒಂದರ ಸುತ್ತ ಹೂಬಳ್ಳಿಯ ಅಂಚು, ನಾಲ್ಕು ಮೂಲೆಗೂ ಚಿಟ್ಟೆ, ನಡುವೆ ಬಣ್ಣಬಣ್ಣದ ಅಕ್ಷರಗಳಲ್ಲಿ ‘ನಾಲ್ಕರಲ್ಲಿ ಒಂದು ಭಾಗವು ಮೂರರಲ್ಲಿ ಒಂದು ಭಾಗಕ್ಕಿಂತ ದೊಡ್ಡದು’. ಹೆಡ್ ಮೇಡಂ ಅದರದ್ದೇ ಫೋಟೋ ತೆಗೆದರು, ಚಿಟ್ಟೆಗಳು ಚೆನ್ನಾಗಿದ್ದವು ಎಂದು. ಫೋಟೋ ಇಲಾಖೆಯ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಸಂಜೆಯೊಳಗೆ ಮೂವತ್ತೆಂಟು ಹೆಬ್ಬೆರಳುಗಳು ಬಂದವು. ತರಬೇತುದಾರರು ಸ್ವತಃ ‘ಅದ್ಭುತ! ಇದೇ ನಿಜವಾದ ಕಲಿಕೆ!’ ಎಂದು ಬರೆದರು.

ಇತ್ತ, ಶಾಲೆಯ ಮುಂದೆ ನಿಲ್ಲುತ್ತಿದ್ದ ಬಸ್ಸು ಅದೇ ತಿಂಗಳು ದಾರಿ ಬದಲಿಸಿತು. ಮುಖ್ಯರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರು ನಡೆದು ಬರುವ ಹೊತ್ತಿಗೆ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಮನೆಯಲ್ಲೊಂದು ಕಾರಿತ್ತು, ಹೆಂಡತಿ ಓಡಿಸುತ್ತಿದ್ದರು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ಬೆಳಿಗ್ಗೆ ಹತ್ತರ ತನಕ ಗಂಡನನ್ನು ಬಿಟ್ಟುಬರುವಷ್ಟು ಪುರುಸೊತ್ತಿದ್ದರೂ ಮನಸ್ಸಿರಲಿಲ್ಲ.

“ಐವತ್ತೊಂದು ವರ್ಷ ಆಯ್ತು, ಇನ್ನೂ ಪಕ್ಕದ ಸೀಟಲ್ಲಿ ಕೂತ್ಕೊಂಡು ‘ನಿಧಾನ, ನಿಧಾನ’ ಅಂತೀರ. ಒಂದ್ಸಲ ಈ ಕಡೆ ಕೂತು ನೋಡಿ. ನಮ್ಮ ಚಿಕ್ಕವಳ ಹತ್ರ ಹೇಳಿದೀನಿ, ನಾಳೆಯಿಂದ ಬರ್ತಾಳೆ,” ಎಂದರು.

ಚಿಕ್ಕವಳು ಎಂದರೆ ಹೆಂಡತಿಯ ತಂಗಿ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಓದು ಬಿಟ್ಟು, ಡ್ರೈವಿಂಗ್ ಸ್ಕೂಲೊಂದರಲ್ಲಿ ಹದಿಮೂರು ವರ್ಷದಿಂದ ಕಾರು ಕಲಿಸುತ್ತಿದ್ದವಳು. ಮೇಷ್ಟ್ರು ನೆಂಟರಿಷ್ಟರ ಮುಂದೆ ಆಕೆಯನ್ನು “ನಮ್ಮ ನಾದಿನಿ, ಏನೋ ಡ್ರೈವರು” ಎಂದು ಪರಿಚಯಿಸುತ್ತಿದ್ದರು. ಅವರ ದೃಷ್ಟಿಯಲ್ಲಿ ಕಲಿಸುವುದು ಎಂದರೆ ಹಲಗೆ, ಸೀಮೆಸುಣ್ಣ ಮತ್ತು ಕಂಠ. ಉಳಿದದ್ದೆಲ್ಲ ಕೂಲಿ.

ಮಾರನೆಯ ಬೆಳಿಗ್ಗೆ ಆರೂವರೆಗೆ ನಾದಿನಿ ಡ್ರೈವಿಂಗ್ ಸ್ಕೂಲಿನ ಕಾರು ತಂದಳು. ಮೇಷ್ಟ್ರು ಇನ್ನೂರು ಪುಟದ ಹೊಸ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ಹಿಡಿದು ಹೊರಬಂದರು.

“ಮೊದಲು ಥಿಯರಿ ಹೇಳು,” ಎಂದರು.

ನಾದಿನಿಗೆ ನಗು ಬಂತು. ಆದರೂ ಭಾವನ ಮಾತು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು, ಗೇರು ಎಲ್ಲ ಹೇಳಿದಳು. ಮೇಷ್ಟ್ರು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಮುಖ್ಯಾಂಶಗಳ ಕೆಳಗೆ ಕೆಂಪು ಗೆರೆ ಎಳೆದರು. ಮೂರೇ ದಿನದಲ್ಲಿ ಇಡೀ ವಿಷಯ ಬಾಯಿಪಾಠ. ಹೆಂಡತಿಗೆ ಊಟದ ಹೊತ್ತಿನಲ್ಲಿ ಕ್ಲಚ್ಚು ಹೇಗೆ ಕೆಲಸ ಮಾಡುತ್ತದೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ನಾಲ್ಕನೇ ದಿನ ಸೀಟಿನಲ್ಲಿ ಕುಳಿತು ಕೀ ತಿರುಗಿಸಿದರು. ಕಾರು ಒಮ್ಮೆ ಮುಂದಕ್ಕೆ ಹಾರಿ, ಕೆಮ್ಮಿ, ಸತ್ತಿತು.

“ಯಾಕೆ ನಿಂತ್ಹೋಯ್ತು ಭಾವ?” ಎಂದು ಕೇಳಿದಳು ನಾದಿನಿ.

“ಅದನ್ನ ನೀನು ಹೇಳಬೇಕು. ಕಲಿಸೋಳು ನೀನು.”

“ನಿಲ್ಲಿಸಿದ್ದು ನೀವು.”

ಎರಡನೇ ಸಲವೂ ಸತ್ತಿತು. ಐದನೇ ಸಲ ಸಾಯುವ ಹೊತ್ತಿಗೆ ಹಿಂದೆ ಹಾಲಿನ ವ್ಯಾನೊಂದು ಬಂದು ನಿಂತು ಹಾರನ್ ಹೊಡೆಯತೊಡಗಿತು. ಮೇಷ್ಟ್ರ ಕಿವಿ ಕೆಂಪಗಾಯಿತು. ನಾದಿನಿ ಏನೋ ಹೇಳುತ್ತಿದ್ದಳು, ಒಂದು ಕಾಲು ನಿಧಾನವಾಗಿ ಎತ್ತಬೇಕು, ಇನ್ನೊಂದು ಮೆಲ್ಲಗೆ ಒತ್ತಬೇಕು ಎಂದು. ಯಾವ ಕಾಲು ಯಾವುದೆಂದು ಮೇಷ್ಟ್ರಿಗೆ ತಲೆಗೆ ಹೋಗಲಿಲ್ಲ. ಕೇಳಬಹುದಿತ್ತು. ಕೇಳಿದರೆ ಇಷ್ಟೂ ಗೊತ್ತಿಲ್ಲದ ದಡ್ಡ ಎಂದುಕೊಳ್ಳುತ್ತಾಳಲ್ಲ! “ಹೂಂ, ಹೂಂ, ಗೊತ್ತಾಯ್ತು,” ಎಂದರು. ಕಾರು ಆರನೇ ಸಲ ಸತ್ತು, ಸಾಯುವ ಮುನ್ನ ರಸ್ತೆ ಬದಿಯ ಕಾಂಪೌಂಡು ಗೋಡೆಯನ್ನು ಮುಟ್ಟಿ ಮಾತಾಡಿಸಿತು.

ನಾದಿನಿ ಇಳಿದು ಬಂಪರ್ ನೋಡಿ, ವ್ಯಾನಿನವನಿಗೆ ಹೋಗಲು ದಾರಿ ತೋರಿಸಿ, ಮತ್ತೆ ಬಂದು ಕುಳಿತಳು. ಬೈಯಲಿಲ್ಲ. “ಭಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೂಂ ಅನ್ನೋದು ಅರ್ಥ ಆಗಿದ್ದಕ್ಕಾ, ಇಲ್ಲಾ ನಾನು ಸುಮ್ಮನಾಗ್ಲಿ ಅಂತಾನಾ?”

“ಎರಡನೇದು,” ಎಂದರು ಮೇಷ್ಟ್ರು, ಸ್ಟೀರಿಂಗನ್ನೇ ನೋಡುತ್ತಾ.

“ಅದನ್ನ ಮೊದಲೇ ಹೇಳೋದಲ್ವಾ! ಗೊತ್ತಾಯ್ತು ಅಂತ ನಿಮ್ಮ ಬಾಯಿ ಹೇಳ್ತಿತ್ತು, ಕಾಲು ಹೇಳ್ತಿರ್ಲಿಲ್ಲ. ನಾನು ಕಾಲನ್ನೇ ನೋಡ್ತಿದ್ದೆ.” ಅವಳು ನೋಟ್‌ಬುಕ್ಕನ್ನು ಹಿಂದಿನ ಸೀಟಿಗೆ ಎಸೆದಳು. “ಇದು ಅಲ್ಲೇ ಇರ್ಲಿ. ನಾಳೆ ಮೈದಾನಕ್ಕೆ ಹೋಗೋಣ.”

ಮಾರನೆಯ ದಿನ ಖಾಲಿ ಮೈದಾನದಲ್ಲಿ ಅವಳು ಅರ್ಧ ಗಂಟೆ ಕ್ಲಚ್ಚೊಂದನ್ನೇ ಮಾಡಿಸಿದಳು. ಸ್ಟೀರಿಂಗ್ ತಿರುಗಿಸುವಂತಿಲ್ಲ, ಆಕ್ಸಿಲರೇಟರು ಮುಟ್ಟುವಂತಿಲ್ಲ. ‘ಎಡಗಾಲು ಎತ್ತುತ್ತಾ ಹೋಗಿ, ಕಾರು ಎಲ್ಲಿ ನಡುಗುತ್ತೋ ಅಲ್ಲಿ ನಿಲ್ಲಿಸಿ, ನನಗೆ ಹೇಳಿ’, ಅಷ್ಟೇ. ಅವಳು ತುಟಿ ಎರಡು ಮಾಡದೆ ಕುಳಿತಳು. ಮೇಷ್ಟ್ರಿಗೆ ಆ ಮೌನ ಹಾರನ್ನಿಗಿಂತ ಕಷ್ಟವಾಯಿತು. ಹದಿನೆಂಟನೇ ಸಲಕ್ಕೋ ಇಪ್ಪತ್ತನೇ ಸಲಕ್ಕೋ, ಅಂಗಾಲಿನ ಕೆಳಗೆ ಏನೋ ಸಣ್ಣಗೆ ಜುಮ್ಮೆಂದಿತು.

“ಇಲ್ಲಿ! ಇಲ್ಲಿ ನಡುಗ್ತು!” ಎಂದು ಐವತ್ತೊಂದು ವರ್ಷದ ಮೇಷ್ಟ್ರು ಮಗುವಿನಂತೆ ಕೂಗಿದರು.

“ಹಾಂ. ಅದೇ ಜಾಗ. ನಾನು ಹೇಳಿದ್ರೆ ನಿಮಗೆ ಸಿಗ್ತಿತ್ತಾ?”

ಹಿಂತಿರುಗುವಾಗ ಗೇಟಿನ ಕಡೆಗೆ ಕಾರು ಸ್ವಲ್ಪ ಜೋರಾಗಿಯೇ ಹೋಯಿತು. ನಾದಿನಿ ತನ್ನ ಕಾಲ ಬುಡದ ಬ್ರೇಕಿನ ಮೇಲೆ ಪಾದ ಇಟ್ಟಿದ್ದಳು, ಒತ್ತಲಿಲ್ಲ. ಮೇಷ್ಟ್ರು ತಾವೇ ಒತ್ತಿದರು. “ನನ್ನ ಕಡೆಗೂ ಒಂದು ಬ್ರೇಕಿದೆ ಭಾವ. ಎಲ್ಲದಕ್ಕೂ ನಾನೇ ತುಳಿದ್ರೆ ಕಲಿಯೋದು ನಾನು, ನೀವಲ್ಲ. ನಂಗೆ ಆಗ್ಲೇ ಬರುತ್ತೆ,” ಎಂದಳು.

ಖುಷಿಯಲ್ಲಿ ಮೇಷ್ಟ್ರು ಫೋನು ತೆಗೆದು ಚಾರ್ಟಿನ ಫೋಟೋ ತೋರಿಸಿದರು. ಮೂವತ್ತೆಂಟು ಹೆಬ್ಬೆರಳು, ‘ಅದ್ಭುತ’ ಎಲ್ಲ ತೋರಿಸಿದರು. ನಾದಿನಿ ಚಿಟ್ಟೆಗಳನ್ನು ನೋಡಿ ಮೆಚ್ಚಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಫೋಟೋವನ್ನು ದೊಡ್ಡದು ಮಾಡಿದಳು.

“ಭಾವ, ಇದು ಉಲ್ಟಾ ಅಲ್ವಾ?”

ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಮೇಷ್ಟ್ರು ಫೋನು ಕಿತ್ತುಕೊಂಡು ನೋಡಿದರು. ಹೆಡ್ ಮೇಡಂ, ತರಬೇತುದಾರರು, ಮೂವತ್ತೆಂಟು ಹೆಬ್ಬೆರಳುಗಳ ಮಾಲೀಕರು, ಎಲ್ಲರಿಗಿಂತ ಮೊದಲು ತಾವು, ಯಾರೂ ಅಕ್ಷರಗಳನ್ನು ಓದಿರಲಿಲ್ಲ.

ಅವತ್ತು ಮೊದಲ ಪೀರಿಯಡ್ಡಿಗೆ ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಳ್ಳಲಿಲ್ಲ. ತರಗತಿಯ ಮುಂದೆ ನಿಂತು ಕೇಳಿದರು: “ನಾನು ಅರ್ಥ ಆಯ್ತಾ ಅಂದಾಗ ನೀವು ಆಯ್ತು ಅಂತೀರಲ್ಲ, ಅದು ಅರ್ಥ ಆಗಿದ್ದಕ್ಕಾ, ನಾನು ಸುಮ್ಮನಾಗ್ಲಿ ಅಂತಾನಾ?”

ಇದೊಂದು ಹೊಸ ಬಗೆಯ ಶಿಕ್ಷೆ ಇರಬೇಕೆಂದು ಎಲ್ಲರೂ ಅಂದುಕೊಂಡರು. ಮುಂದಿನ ಬೆಂಚಿನ ಕನ್ನಡಕದ ಹುಡುಗ, ಬೆಳೆದ ಮೇಲೆ ದೊಡ್ಡ ಅಧಿಕಾರಿಯಾಗುವ ಲಕ್ಷಣವಿದ್ದವನು, ಎದ್ದು “ಎರಡಕ್ಕೂ ಸಾರ್,” ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ.

ಮೇಷ್ಟ್ರು ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. “ಹೆಸರು ಬರೀಬೇಡಿ. ಭಿನ್ನರಾಶಿಯಲ್ಲಿ ಏನು ಗೊತ್ತಾಗಿಲ್ಲ, ಅದನ್ನ ಮಾತ್ರ ಬರೀರಿ.”

ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ಅವರು ನಲವತ್ಮೂರು ಚೀಟಿಗಳನ್ನು ಬಿಡಿಸಿದರು. ‘ಭಿನ್ನರಾಶಿ ಅಂದರೆ ಒಂದು ಸಂಖ್ಯೆಯೋ ಎರಡು ಸಂಖ್ಯೆಯೋ?’ ‘ನಡುವೆ ಇರುವ ಗೆರೆ ಏನು?’ ‘ಛೇದ ಯಾಕೆ ಕೆಳಗೇ ಇರಬೇಕು?’ ‘ಸಾರ್ ನೀವು ಬೇಗ ಅಳಿಸುತ್ತೀರ.’ ‘ಎಲ್ಲಾ.’ ಇನ್ನೊಂದರಲ್ಲಿ ‘ಜೋಕು ಕೂಡ’ ಎಂದಿತ್ತು. ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು, ಕೈಬರಹ ನೋಡಿ ಯಾರೆಂದು ಪತ್ತೆ ಹಚ್ಚಲು ಐದು ನಿಮಿಷ ಪ್ರಯತ್ನಿಸಿದರು ಕೂಡ. ಆಮೇಲೆ ತೆಪ್ಪಗಾದರು. ಆ ದಿನ ಅವರು ಟೀ ಕುಡಿಯಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಇತರರು ಇದನ್ನು ವಿಶ್ರಾಂತಿ ಎಂದು ಸವಿದರು.

ಎರಡು ದಿನ ಬಿಟ್ಟು ಅವರು ತರಗತಿಗೆ ಒಂದೇ ಪ್ರಶ್ನೆ ತಂದರು. ಹಲಗೆಯ ಮೇಲೆ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಎಂದು ಬರೆದು, “ಯಾವುದು ದೊಡ್ಡದು? ತಪ್ಪಾದ್ರೂ ಪರವಾಗಿಲ್ಲ, ಯಾಕೆ ಅಂತ ಹೇಳಿ,” ಎಂದು ಸುಮ್ಮನಾದರು. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಬೇಕೆಂದು ನಿಶ್ಚಯಿಸಿದ್ದರು. ಏಳಕ್ಕೇ ನಾಲಿಗೆ ತುರಿಸತೊಡಗಿತು. ಹನ್ನೊಂದಕ್ಕೆ ಹಲ್ಲು ಕಚ್ಚಿದರು. ಹದಿನಾರಕ್ಕೆ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

ಆ ಹುಡುಗಿಗೆ ‘ತುದಿ’ ಎಂದೇ ಹೆಸರು. ಆ ಕೋಣೆಯಲ್ಲಿ ಹದಿಮೂರು ಬೆಂಚುಗಳು. ಒಂಬತ್ತರಲ್ಲಿ ಮೂವರು, ಹಿಂದಿನ ನಾಲ್ಕರಲ್ಲಿ ನಾಲ್ವರು ಕೂರುತ್ತಿದ್ದರು. ಇವಳು ಕೊನೆಯ ಬೆಂಚಿನ ತುದಿಯವಳು. ಅವಳ ದನಿಯನ್ನು ಮೇಷ್ಟ್ರು ಹಾಜರಿಯ ಹೊತ್ತಿನಲ್ಲಿ ಬಿಟ್ಟು ಎಂದೂ ಕೇಳಿರಲಿಲ್ಲ.

“ಸಾರ್, ನಮ್ಮ ಬೆಂಚಲ್ಲಿ ನಾಲ್ಕು ಜನ. ಅವರ ಬೆಂಚಲ್ಲಿ ಮೂರು. ಬೆಂಚು ಎರಡೂ ಒಂದೇ ಉದ್ದ. ನಂದು ಒಂದು ಕಾಲು ಯಾವಾಗ್ಲೂ ಹೊರಗೇ ಇರುತ್ತೆ.”

ಯಾರೋ ಕಿಸಕ್ಕೆಂದರು. ಮೇಷ್ಟ್ರ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಪಕ್ಕದ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಒತ್ತದೆ ಕೂರುವುದು ಎಷ್ಟು ಕಷ್ಟವೆಂದು ಅವರಿಗೆ ಆಗ ತಿಳಿಯಿತು.

“ಆದ್ರೆ ನಾಲ್ಕು ದೊಡ್ಡದಲ್ವಾ?” ಎಂದ ಮುಂದಿನ ಬೆಂಚಿನ ಕನ್ನಡಕದವನು, ಹಿಂದೆ ತಿರುಗಿ.

“ಜನ ಜಾಸ್ತಿ ಕಣೋ. ಜಾಗ ಕಮ್ಮಿ,” ಎಂದಳು ತುದಿ.

“ಹಾಗಂತ ಎಲ್ಲರಿಗೂ ಒಂದೇ ಅಳತೆ ಜಾಗ ಸಿಗಲ್ಲ,” ಎಂದು ಅವಳ ಪಕ್ಕದವಳು ದೂರಿದಳು. “ಇವನು ದಪ್ಪ. ಅರ್ಧ ಬೆಂಚು ಇವನೇ ತಗೋತಾನೆ.”

“ಹಾಗಾದ್ರೆ ಅದು ನಾಲ್ಕರಲ್ಲಿ ಒಂದಲ್ಲ. ಎಲ್ಲರಿಗೂ ಸಮ ಇದ್ರೆ ಮಾತ್ರ!” ದಪ್ಪಗಿನವನೇ ಎದ್ದು ನಿಂತು ಹೇಳಿದ. ಒಂಬತ್ತು ದಿನಗಳಲ್ಲಿ ಮೇಷ್ಟ್ರು ಇಪ್ಪತ್ತು ಸಲ ಬರೆಸಿದ್ದ ‘ಸಮಭಾಗ’ ಎಂಬ ವ್ಯಾಖ್ಯೆ ಮಾನ ಉಳಿಸಿಕೊಳ್ಳುವ ಸಲುವಾಗಿ ಆ ಹುಡುಗನ ಬಾಯಿಂದ ಬಂತು.

ಆಮೇಲೆ ಗದ್ದಲವೋ ಗದ್ದಲ. ಐದು ಜನ ಒಂದು ಬೆಂಚಿನಲ್ಲಿ ಕೂತು ನೋಡಿದರು, ಆರು ಜನ ಕೂತು ಒಬ್ಬ ಬಿದ್ದ. ಪಕ್ಕದ ಕೋಣೆಯಿಂದ ಸಮಾಜದ ಮೇಷ್ಟ್ರು ಬಂದು, “ಏನ್ ಸಾರ್, ಯಾರೂ ಇಲ್ವಾ ಅಂದ್ಕೊಂಡೆ,” ಎಂದು ಬಾಗಿಲಲ್ಲಿ ನಿಂತು ಹೋದರು. ಮೇಷ್ಟ್ರು ಬೆಂಚುಗಳ ನಡುವೆ ಬಗ್ಗಿ ಬಗ್ಗಿ ನಡೆದರು. ಒಬ್ಬೊಬ್ಬರ ನೋಟ್‌ಬುಕ್ಕನ್ನು ನೋಡಿ “ಇದನ್ನ ಹೇಗೆ ಮಾಡಿದೆ, ಹೇಳು” ಎಂದು ಕೇಳುತ್ತಾ ಹೋದರು. ಕೆಲವರ ತಪ್ಪುಗಳು ಎಷ್ಟು ತರ್ಕಬದ್ಧವಾಗಿದ್ದವೆಂದರೆ ಸರಿಪಡಿಸಲು ಅವರಿಗೆ ಬೇಸರವಾಯಿತು. ಆ ವಾರದ ಪಾಠ ಒಂದು ಪುಟ ಸಹ ಮುಂದೆ ಹೋಗಲಿಲ್ಲ.

ಇಂಥ ಸಮಯ ನೋಡಿಯೇ ಪರಿವೀಕ್ಷಕರು ಬರುತ್ತಾರೆ. ಅವರ ಕೈಯಲ್ಲಿ ನಲವತ್ತು ಅಂಶಗಳ ಒಂದು ನಮೂನೆ ಇತ್ತು. ಹಿಂದಿನ ಕುರ್ಚಿಯಲ್ಲಿ ಕುಳಿತು, ಪೆನ್ನಿನ ಮುಚ್ಚಳ ತೆಗೆದು, ಪಾಠ ಶುರುವಾಗಲೆಂದು ಕಾದರು. ಕಾದೇ ಕಾದರು. ಮಕ್ಕಳು ಇಬ್ಬಿಬ್ಬರಾಗಿ ಬೆಂಚಿನ ಲೆಕ್ಕ ಬಿಡಿಸುತ್ತಾ ವಾದಿಸುತ್ತಿದ್ದರು. ಹತ್ತು ಜನ ಕೂತರೆ ಇಷ್ಟೇ ಇಷ್ಟು, ಇಬ್ಬರು ಕೂತರೆ ಅರ್ಧ, ಒಬ್ಬನೇ ಕೂತರೆ ಇಡೀ ಬೆಂಚು. ಅಷ್ಟರಲ್ಲಿ ಕನ್ನಡಕದವನಿಗೆ ಏನೋ ಹೊಳೆಯಿತು.

“ಸಾರ್, ಯಾರೂ ಕೂರದೇ ಇದ್ರೆ? ಒಬ್ಬರಿಗೆ ಎಷ್ಟು ಬರುತ್ತೆ?”

‘ಸೊನ್ನೆಯಿಂದ ಭಾಗಿಸಬಾರದು, ಕೂತ್ಕೋ’ ಎಂಬ ಉತ್ತರ ಇಪ್ಪತ್ತನಾಲ್ಕು ವರ್ಷದಿಂದ ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಅವರು ಪರಿವೀಕ್ಷಕರನ್ನು ನೋಡಿದರು, ಹುಡುಗನನ್ನು ನೋಡಿದರು.

“ಸೊನ್ನೆಯಿಂದ ಭಾಗಿಸಬಾರದು ಅಂತ ನಾನು ಕಲಿತಿದ್ದೀನಿ. ಆದ್ರೆ ಯಾಕೆ ಅಂತ ಬೆಂಚಿನ ಲೆಕ್ಕದಲ್ಲಿ ಹೇಳೋಕೆ ಈಗ ನನಗೂ ಹೊಳೀತಿಲ್ಲ. ನಾಳೆ ಎಲ್ಲರೂ ಯೋಚನೆ ಮಾಡ್ಕೊಂಡು ಬನ್ನಿ. ನಾನೂ ಬರ್ತೀನಿ,” ಎಂದರು.

ಪರಿವೀಕ್ಷಕರ ಪೆನ್ನು ಅಷ್ಟು ಹೊತ್ತಿನಲ್ಲಿ ಮೊದಲ ಸಲ ಚುರುಕಾಯಿತು.

ವರದಿಯನ್ನು ಹೆಡ್ ಮೇಡಂ ತಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು. ಶಿಕ್ಷಕರ ಧ್ವನಿ ಕೊನೆಯ ಬೆಂಚಿಗೆ ತಲುಪುತ್ತದೆಯೇ: ಧ್ವನಿಯೇ ಇಲ್ಲ. ಹಲಗೆಯ ಬಳಕೆ: ಇಲ್ಲ. ಶಿಸ್ತು: ಇಲ್ಲ. ವಿಷಯಜ್ಞಾನ: ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲವೆಂದು ಶಿಕ್ಷಕರೇ ಒಪ್ಪಿಕೊಂಡಿರುತ್ತಾರೆ. ಒಟ್ಟು ಅಭಿಪ್ರಾಯ: ವಿದ್ಯಾರ್ಥಿಗಳು ಚಟುವಟಿಕೆಯಿಂದ ಇದ್ದರು, ಆದರೆ ಬೋಧನೆ ನಡೆಯುತ್ತಿರಲಿಲ್ಲ.

“ಏನ್ ಸಾರ್ ಇದು? ನಿಮ್ಮ ಮಾತು ಕೇಳೋಕೆ ಜನ ಕಿಟಕಿ ಹತ್ರ ನಿಲ್ತಿದ್ರು. ನಿಮಗೆ ಮೈ ಸರಿ ಇಲ್ವಾ?” ಹೆಡ್ ಮೇಡಂ ನಿಜವಾಗಿಯೂ ಕಳವಳದಿಂದ ಕೇಳಿದರು.

“ಮೈ ಚೆನ್ನಾಗಿದೆ ಮೇಡಂ. ಮಾತಾಡಿದ್ರೆ ನನಗೆ ಅವರ ಮಾತು ಕೇಳಿಸಲ್ಲ. ಅದಕ್ಕೇ.”

“ಅವರ ಮಾತು ಕೇಳಿಸ್ಕೊಂಡು ಏನು ಮಾಡ್ತೀರ?”

ಮೇಷ್ಟ್ರು ಯೋಚಿಸಿದರು. “ಯಾರಿಗೆ ಏನು ಬರಲ್ಲ ಅಂತ ಗೊತ್ತಾಗುತ್ತೆ.”

ಹೆಡ್ ಮೇಡಂ ವರದಿಯನ್ನು ಫೈಲಿಗೆ ಸೇರಿಸಿ, “ಹೇಗೂ ಆ ಚಿಟ್ಟೆ ಚಾರ್ಟು ಇದೆ, ಅದರ ಮೇಲೆ ಸಂಭಾಳಿಸ್ತೀನಿ,” ಎಂದು ಸಮಾಧಾನ ಹೇಳಿ ಕಳಿಸಿದರು. ಚಾರ್ಟಿನಲ್ಲಿ ಬರೆದದ್ದು ತಪ್ಪೆಂದು ಮೇಷ್ಟ್ರು ಹೇಳಿದಾಗ ಆಕೆ ಒಂದು ನಿಮಿಷ ಬೆರಗಾಗಿ, ಆಮೇಲೆ ಕೇಳಿದ್ದು ಒಂದೇ ಮಾತು: “ಇದು ಇನ್ನೂ ಯಾರಿಗಾದ್ರೂ ಗೊತ್ತಾ?”

ಮಾರನೆಯ ದಿನ ಸೊನ್ನೆಯ ವಿಚಾರಣೆ ನಡೆಯಿತು. ಒಬ್ಬರು ಸೊನ್ನೆ ಎಂದರು, ಒಬ್ಬರು ಇಡೀ ಬೆಂಚು ಎಂದರು, ಒಬ್ಬ ತನ್ನ ಅಪ್ಪನನ್ನು ಕೇಳಿ ಬಂದು ‘ಅನಂತ’ ಎಂದ. ಅಪ್ಪನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮೇಷ್ಟ್ರು ಮೂರನ್ನೂ ಹಲಗೆಯ ಮೇಲೆ ಬರೆದು ಕೊನೆಯ ಬೆಂಚಿನ ಬಳಿ ಹೋಗಿ ನಿಂತರು.

ತುದಿ ಕೈ ಎತ್ತಲಿಲ್ಲ. ಕುಳಿತಲ್ಲಿಂದಲೇ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: “ಜನಾನೇ ಇಲ್ಲ ಅಂದ್ಮೇಲೆ ಒಬ್ಬರಿಗೆ ಎಷ್ಟು ಅಂತ ಕೇಳೋಕಾಗಲ್ಲ. ಯಾವ ಒಬ್ಬರಿಗೆ?”

ಮೇಷ್ಟ್ರು ಅವಳನ್ನೇ ನೋಡಿದರು. ಸೊನ್ನೆಯಿಂದ ಭಾಗಿಸಬಾರದೆಂದು ಅವರಿಗೆ ಅವರ ಮೇಷ್ಟ್ರು ಹೇಳಿದ್ದರು, ಆ ಮೇಷ್ಟ್ರಿಗೆ ಅವರ ಮೇಷ್ಟ್ರು. ಪ್ರಶ್ನೆಯೇ ನಿಲ್ಲುವುದಿಲ್ಲ ಎಂದು ಯಾರೂ ಹೀಗೆ ತೋರಿಸಿರಲಿಲ್ಲ. “ಇನ್ನೊಂದ್ಸಲ ಹೇಳು, ಎಲ್ಲರಿಗೂ ಕೇಳಿಸಲಿ,” ಎಂದರು. ಅವಳು ಎದ್ದು ನಿಂತು, ಕಿವಿ ಕೆಂಪಗಾಗಿಸಿಕೊಂಡು, ಇನ್ನೊಮ್ಮೆ ಹೇಳಿದಳು. ಕನ್ನಡಕದವನು ಒಪ್ಪಲಿಲ್ಲ. ಅವರಿಬ್ಬರ ವಾದ ಊಟದ ಗಂಟೆಯ ತನಕ ನಡೆಯಿತು.

ವರ್ಷದ ಕೊನೆಗೆ ಹೊರಗಿನ ಪರೀಕ್ಷೆ ಮತ್ತೆ ಬಂತು. ಪವಾಡವೇನೂ ಆಗಲಿಲ್ಲ. ಭಿನ್ನರಾಶಿಯಲ್ಲಿ ಮೂವತ್ತೊಂದು ತಪ್ಪು ಇದ್ದದ್ದು ಒಂಬತ್ತಕ್ಕೆ ಇಳಿಯಿತು. ಪಾಠ ಹಿಂದೆ ಬಿದ್ದಿದ್ದರಿಂದ ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಸರಿಸಮಾನವಾಗಿ ಮುಗ್ಗರಿಸಿದರು. ಇಲಾಖೆ ಶಾಲೆಯನ್ನು ಅಭಿನಂದಿಸಿತು, ಯಶಸ್ಸಿಗೆ ಚಾರ್ಟುಗಳೇ ಕಾರಣವೆಂದು ತೀರ್ಮಾನಿಸಿ ಎಲ್ಲ ಶಾಲೆಗಳಿಗೂ ಸ್ಕೆಚ್ ಪೆನ್ನುಗಳನ್ನು ಕಳಿಸಿತು. ಹೆಡ್ ಮೇಡಂ ಸಂತೋಷದಿಂದ ಗುಂಪಿನಲ್ಲಿ ಫೋಟೋ ಹಾಕಿದರು.

ಮೇಷ್ಟ್ರು ಆ ಗುಂಪನ್ನು ನೋಡಲಿಲ್ಲ. ಅವರಿಗೆ ಒಂಬತ್ತು ಉತ್ತರಪತ್ರಿಕೆಗಳು ಸಾಕಾಗಿದ್ದವು. ಕೊನೆಯ ಪೀರಿಯಡ್ಡು ಮುಗಿದ ಮೇಲೆ, ಉಳಿದವರು ಆಟಕ್ಕೆ ಓಡಿದಾಗ, ಆ ಒಂಬತ್ತು ಮಂದಿಯಲ್ಲಿ ಮೊದಲನೆಯವನನ್ನು ಉಳಿಸಿಕೊಂಡರು. ಅವನು ಹೆದರಿ ಗೋಡೆಗೆ ಅಂಟಿಕೊಂಡು ಕುಳಿತ. ಮೇಷ್ಟ್ರು ತಮ್ಮ ಐವತ್ತೊಂದು ವರ್ಷದ ಮೊಣಕಾಲುಗಳನ್ನು ಹೇಗೋ ಮಡಿಸಿ, ಆ ಸಣ್ಣ ಬೆಂಚಿನಲ್ಲಿ ಅವನ ಪಕ್ಕಕ್ಕೆ ತೂರಿಕೊಂಡು, ಖಾಲಿ ಹಾಳೆಯೊಂದನ್ನು ಅವನ ಮುಂದೆ ಸರಿಸಿದರು.

“ನೀನು ಬರೆದಿರೋದಕ್ಕೆ ಏನೋ ಕಾರಣ ಇರುತ್ತೆ. ನನಗೆ ಗೊತ್ತಾಗ್ತಿಲ್ಲ. ನಿಧಾನವಾಗಿ ಹೇಳು.”

ಹುಡುಗ ಬಹಳ ಹೊತ್ತು ಏನೂ ಹೇಳಲಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಆಮೇಲೆ ಅವನು ಪೆನ್ಸಿಲ್ಲು ಎತ್ತಿಕೊಂಡು ಒಂದು ಗೆರೆ ಎಳೆದ.